ಮೂಲೆಯ ಚೌಕ

ಬೋರ್ಡಿನ ಬಲಮೂಲೆಯಲ್ಲಿ ಒಂದು ಚೌಕವಿತ್ತು. ಚೌಕದೊಳಗೆ ದುಂಡಗಿನ ಅಕ್ಷರದಲ್ಲಿ ಇವತ್ತಿನ ತಾರೀಖು, ಅದರ ಕೆಳಗೆ ಇವತ್ತಿನ ಪಾಠ: ಪುನರಾವರ್ತನೆ, ಕ್ವಾಂಟಂ ಸಂಖ್ಯೆಗಳು, ಆವರ್ತಕ ಕೋಷ್ಟಕದ ಗುಣಗಳು. ಹಾಜರಿ ಪುಸ್ತಕವನ್ನು ಮೇಜಿನ ಮೇಲಿಡಲು ಬಗ್ಗಿದ್ದ ಉಪನ್ಯಾಸಕಿ ಬಗ್ಗಿದ ಹಾಗೆಯೇ ನಿಂತಳು. ನಾಲ್ಕೂ ಗೆರೆ ಸಮ. ಸ್ಕೇಲಿಟ್ಟು ಎಳೆದಂತೆ ಕಂಡರೂ ಬರಿಗೈಯಲ್ಲಿ ಎಳೆದದ್ದು. ಕೆಳಗಿನ ಗೆರೆಯ ಕೊನೆಯಲ್ಲಿ ಸೀಮೆಸುಣ್ಣವನ್ನು ತುಸು ಒತ್ತಿ ನಿಲ್ಲಿಸಿದ ಚುಕ್ಕೆ. ಈ ಕಾಲೇಜಿನಲ್ಲಿ ಹಾಗೆ ಚೌಕ ಬರೆಯುತ್ತಿದ್ದವನು ಒಬ್ಬನೇ, ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ದಿನಾ ಎಲ್ಲರಿಗಿಂತ ಮೊದಲು ಬಂದು, ಕಿಟಕಿ ತೆಗೆದು, ಬೋರ್ಡು ಒರೆಸಿ, ಯಾರೂ ಹೇಳದಿದ್ದರೂ ಆ ಮೂಲೆಯಲ್ಲಿ ಚೌಕ ಎಳೆದು ಅವತ್ತಿನ ಪಾಠದ ಹೆಸರು ಬರೆದಿಡುತ್ತಿದ್ದ. ಅವನು ಇಲ್ಲಿಂದ ಹೋಗಿ ಒಂಬತ್ತು ವರ್ಷವಾಗಿತ್ತು. ಹೋಗುವಾಗ ಅವನ ಬಲಗೈಯಲ್ಲಿ ಉಳಿದಿದ್ದುದು ಎರಡೇ ಬೆರಳು.

"ಇದನ್ನ ಯಾರು ಬರೆದಿದ್ದು?" ಎಂದು ಕೇಳಿದಳು. ದನಿ ಮಾಮೂಲಾಗಿಯೇ ಬಂತು. ಇಪ್ಪತ್ತಮೂರು ವರ್ಷ ಪಾಠ ಹೇಳಿದ ಗಂಟಲು, ಒಳಗೆ ಏನೇ ಆಗಲಿ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ.

"ನಾವು ಬಂದಾಗ್ಲೇ ಇತ್ತು ಮೇಡಂ," ಎಂದಳು ಮುಂದಿನ ಬೆಂಚಿನ ಕ್ಲಾಸ್ ಲೀಡರ್.

"ಯಾಕ್ ಮೇಡಂ, ಸ್ಪೆಲ್ಲಿಂಗ್ ತಪ್ಪಾ?" ಎಂದು ಹಿಂದಿನಿಂದ ಕೂಗಿದಳು ತರಗತಿಯಲ್ಲಿ ಎಲ್ಲರೂ ಮಾತಿನಮಲ್ಲಿ ಎಂದೇ ಕರೆಯುವ ಹುಡುಗಿ. ನಗು ಒಂದು ಸುತ್ತು ಹೊಡೆದು ನಿಂತಿತು.

"ಏನಿಲ್ಲ, ಕೂತ್ಕೊಳ್ಳಿ," ಎಂದು ಅವಳು ಹಾಜರಿ ಪುಸ್ತಕ ತೆರೆದಳು. ಹೆಣ್ಣುಮಕ್ಕಳ ಕಾಲೇಜು, ಮೊದಲ ವರ್ಷ, ಐವತ್ತೆಂಟು ಮಂದಿ. ಮಾಮೂಲು ದಿನಗಳಲ್ಲಿ ನಲವತ್ತು ದಾಟಿದರೆ ಹೆಚ್ಚು. ಇವತ್ತು ಕೊನೆಯ ಕ್ಲಾಸೆಂದು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುವ ಬೆಂಚುಗಳೆಲ್ಲ ತುಂಬಿ, ಸೂರಿನ ಹತ್ತಿರದ ಕೊನೆಯ ಸಾಲಿನಲ್ಲೂ ತಲೆಗಳು ಕಾಣುತ್ತಿದ್ದವು. ನಾಳೆಯಿಂದ ಓದುವ ರಜೆ, ಮುಂದಿನ ವಾರ ಪರೀಕ್ಷೆ, ಆಮೇಲೆ ಎರಡನೆಯ ವರ್ಷಕ್ಕೆ ಈ ಐವತ್ತೆಂಟು ಮಂದಿ ಬೇರೆ ಬೇರೆ ಸೆಕ್ಷನ್ನಿಗೆ, ಬೇರೆಯವರ ಕ್ಲಾಸಿಗೆ. ಅವಳು ನಂಬರು ಕೂಗುತ್ತ ಹೋದಳು. ಒಂದೊಂದು ನಂಬರಿಗೂ ತಲೆಯೆತ್ತಿ, 'ಪ್ರೆಸೆಂಟ್' ಎಂದ ಮುಖವನ್ನು ನೋಡಿ, ತಲೆತಗ್ಗಿಸಿ ಗುರುತು ಹಾಕಿದಳು. ವರ್ಷವಿಡೀ ತಲೆಯೆತ್ತದೆ ಹಾಜರಿ ಹಾಕಿದವಳು ಇವತ್ತು ಹೀಗೆ ನೋಡುತ್ತಿರುವುದಕ್ಕೆ ಹುಡುಗಿಯರಿಗೂ ಏನೋ ಮುಜುಗರ. ಕೆಲವರು ದುಪಟ್ಟಾ ಸರಿಮಾಡಿಕೊಂಡರು, ಒಬ್ಬಳು ಬಾಯಲ್ಲಿದ್ದ ಚೂಯಿಂಗ್ ಗಮ್ಮನ್ನು ಗುಳುಕ್ಕನೆ ನುಂಗಿದಳು. ಈ ಐವತ್ತೆಂಟರಲ್ಲಿ ಒಬ್ಬಳು ಅವನ ಮಗಳು. ಯಾರೆಂದು ಗೊತ್ತಿಲ್ಲ.

ಅವನ ಕಾಗದ ಮೂರು ದಿನದ ಹಿಂದೆ ಮನೆಗೆ ಅಂಚೆಯಲ್ಲಿ ಬಂದಿತ್ತು. ಗಂಡ ಲಕೋಟೆಯನ್ನು ತಿರುಗಿಸಿ ಮುರುಗಿಸಿ, "ನಿನ್ನ ಸ್ಟೂಡೆಂಟೇ ಇರ್ಬೇಕು ನೋಡು, ಕಾಗೆ ಕಾಲು ಗುಬ್ಬಿ ಕಾಲು. ಇಂಥವರನ್ನೆಲ್ಲ ಪಾಸ್ ಮಾಡ್ತೀಯಲ್ಲೇ ಮಾರಾಯ್ತಿ," ಎಂದು ಟೀ ಲೋಟದ ಪಕ್ಕ ಇಟ್ಟಿದ್ದ. ಅವಳು ಅಡುಗೆಮನೆಯಲ್ಲಿ ನಿಂತೇ ಓದಿದಳು. ಮೇಡಂ ಅವರಿಗೆ ನಮಸ್ಕಾರ. ಎಡಗೈಯಲ್ಲಿ ಬರೆದಿದ್ದೇನೆ, ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ನನ್ನ ಮಗಳು ಈ ವರ್ಷ ನಿಮ್ಮ ಕ್ಲಾಸಿನಲ್ಲಿ ಕೂರುತ್ತಿದ್ದಾಳೆ. ಯಾರೆಂದು ನಾನು ಹೇಳುವುದಿಲ್ಲ, ನೀವು ಹುಡುಕುವುದೂ ಬೇಡ. ಪೊಟ್ಯಾಸಿಯಂ ಪಾಠ ಓದಿದ ದಿನದಿಂದ ಅವಳು ಕೇಳುತ್ತಿದ್ದಾಳೆ, ಇಷ್ಟೂ ಗೊತ್ತಿರಲಿಲ್ಲವಾ ಅಪ್ಪ, ಗೊತ್ತಿಲ್ಲದ ಮೇಲೆ ಯಾಕೆ ಕೈ ಹಾಕಿದೆ ಅಂತ. ಗೊತ್ತಿತ್ತು ಅಂದರೆ ನಂಬುವುದಿಲ್ಲ. ಕತ್ತರಿಸಲು ಯಾರು ಹೇಳಿದರು ಅನ್ನುವುದು ನನಗೆ ಬೇಕಾಗಿಲ್ಲ, ಅದನ್ನು ನೀವು ಹೇಳುವುದೂ ಬೇಡ. ನನಗೆ ಗೊತ್ತಿತ್ತು ಅನ್ನುವುದೊಂದನ್ನು ಕ್ಲಾಸುಗಳು ಮುಗಿಯುವುದರೊಳಗೆ ಒಂದು ಸಲ ನಿಮ್ಮ ಬಾಯಿಂದ ಹೇಳಿ. ನೀವು ಹೇಳಿದರೆ ಅವಳು ನಂಬುತ್ತಾಳೆ. ಅಷ್ಟೇ ಇತ್ತು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು; ಬೈದವರಿಗೆ ತಿರುಗಿ ಬೈಯಬಹುದು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದ ಒಳಜೇಬಿಗೆ ಹಾಕಿದವಳು ಮೂರು ದಿನದಿಂದ ಆ ಜೇಬಿನ ಜಿಪ್ಪು ಎಳೆದಿರಲಿಲ್ಲ. ಆಫೀಸಿನಲ್ಲಿ ಅಡ್ಮಿಷನ್ ಪುಸ್ತಕವಿದೆ, ತಂದೆಯ ಹೆಸರು, ಉದ್ಯೋಗ ಎಲ್ಲ ಅದರಲ್ಲಿ ಇರುತ್ತದೆ. ನಿನ್ನೆ ಅಲ್ಲಿಯವರೆಗೂ ಹೋಗಿದ್ದಳು. ಗುಮಾಸ್ತೆ, "ಏನ್ ಬೇಕಿತ್ತು ಮೇಡಂ?" ಎಂದು ಕೇಳಿದ್ದಕ್ಕೆ, "ಒಂದು ಬಾಕ್ಸ್ ಸೀಮೆಸುಣ್ಣ," ಎಂದು ಹೇಳಿ ಅದನ್ನೇ ತೆಗೆದುಕೊಂಡು ವಾಪಸು ಬಂದಿದ್ದಳು.

ಮುಖ ಹೋಲಿಸಿ ಪತ್ತೆ ಮಾಡೋಣವೆಂದರೆ ಅವನ ಮುಖವೇ ನೆನಪಿಗೆ ಬರುತ್ತಿರಲಿಲ್ಲ. ಇದು ಗೊತ್ತಾದದ್ದೇ ಈಗ, ಹದಿನೇಳನೆಯ ನಂಬರಿಗೂ ಹದಿನೆಂಟನೆಯ ನಂಬರಿಗೂ ನಡುವೆ. ಎಂಟು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವನು. ಮೀಸೆ ಇತ್ತೇ? ಇದ್ದಿರಬೇಕು. ಬಣ್ಣ? ಕಣ್ಣು? ಉಹುಂ. ಅವನು ಎಂದರೆ ಅವಳಿಗೆ ಎರಡು ಕೈಗಳು ಮಾತ್ರ. ಅವಳು ಬೋರ್ಡಿನ ಕಡೆ ತಿರುಗಿ ಬೆನ್ನ ಹಿಂದಕ್ಕೆ ಕೈ ಚಾಚಿದರೆ ಕೇಳುವ ಮೊದಲೇ ಪರೀಕ್ಷಾನಳಿಕೆಯನ್ನು ಆ ಕೈಗೆ ಇಡುತ್ತಿದ್ದ ಕೈಗಳು. ಆಸಿಡ್ ಸುರಿಯುವಾಗ ಕಿರುಬೆರಳನ್ನು ಎತ್ತಿ ಹಿಡಿಯುತ್ತಿದ್ದ ಬಲಗೈ. ಮನುಷ್ಯನನ್ನು ಎಂಟು ವರ್ಷ ಮಣಿಕಟ್ಟಿನವರೆಗೆ ಮಾತ್ರ ನೋಡಿದ್ದೆನಲ್ಲ ಎನ್ನಿಸಿ ಅವಳಿಗೆ ನಾಚಿಕೆಯಾಯಿತು. ಐವತ್ತೆಂಟಕ್ಕೆ ಐವತ್ತೆಂಟೂ ಹಾಜರು. ಪುಸ್ತಕ ಮುಚ್ಚಿದಳು.

"ಸರಿ. ಎಲೆಕ್ಟ್ರಾನ್ ಎಲ್ಲಿದೆ?" ಎಂದು ಪಾಠ ಶುರುಮಾಡಿದಳು. ಪ್ರತಿ ವರ್ಷದ ಪುನರಾವರ್ತನೆ ಹೀಗೇ ಶುರುವಾಗುವುದು.

"ನ್ಯೂಕ್ಲಿಯಸ್ ಸುತ್ತ ಸುತ್ತುತ್ತಾ ಇದೆ ಮೇಡಂ," ಎಂದು ನಾಲ್ಕೈದು ದನಿಗಳು.

"ಅಯ್ಯೋ ನನ್ನ ಕರ್ಮವೇ. ವರ್ಷವೆಲ್ಲ ಬಡ್ಕೊಂಡಿದ್ದು ನೀರಿನಲ್ಲಿ ಹೋಮ ಆಯ್ತಲ್ರೇ. ಅದು ಗಾಣದ ಎತ್ತಲ್ಲ ಸುತ್ತೋಕೆ. ಎಲ್ಲಿದೆ ಅಂತ ಕೇಳೋ ಹಾಗೇ ಇಲ್ಲ. ಎಲ್ಲಿ ಇರಬಹುದು ಅಂತ ಮಾತ್ರ ಕೇಳಬೇಕು. ಇಲ್ಲಿ ಇಷ್ಟು ಸಾಧ್ಯತೆ, ಅಲ್ಲಿ ಅಷ್ಟು ಸಾಧ್ಯತೆ. ನೋಡೋವರೆಗೆ ಅದು ಎಲ್ಲಾ ಕಡೆನೂ ಸ್ವಲ್ಪ ಸ್ವಲ್ಪ ಇದೆ."

ಹೇಳುತ್ತಿದ್ದ ಹಾಗೆ ಮಾತು ಅವಳ ಬಾಯಲ್ಲೇ ತಣ್ಣಗಾಯಿತು. ಮುಂದಿನ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಕಣ್ಣು ಹೋಯಿತು. ಕ್ಲಾಸ್ ಲೀಡರ್ ಅವನ ಮಗಳಿರಬಹುದು. ಅವಳ ಪಕ್ಕದ ಕನ್ನಡಕದ ಹುಡುಗಿ ಇರಬಹುದು. ಕಿಟಕಿಯ ಹತ್ತಿರ ಗಲ್ಲಕ್ಕೆ ಕೈಕೊಟ್ಟವಳು, ಮಾತಿನಮಲ್ಲಿ, ಅವಳ ಜಡೆಯನ್ನು ಮೆಲ್ಲಗೆ ಬೆಂಚಿಗೆ ಕಟ್ಟುತ್ತಿರುವವಳು. ಎಲ್ಲರೂ ಸ್ವಲ್ಪ ಸ್ವಲ್ಪ ಅವನ ಮಗಳಾಗಿದ್ದರು. ಎಲ್ಲ ಮುಖಗಳ ಹಿಂದೆಯೂ ಅದೇ ಒಂದು ಪ್ರಶ್ನೆ ಅಷ್ಟಿಷ್ಟು ಕೂತಿತ್ತು. ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಸೀಮೆಎಣ್ಣೆಯ ವಾಸನೆ ಬಂದಂತಾಗಿ ಅವಳು ಮೂಗು ಅರಳಿಸಿದಳು. ಸೋಡಿಯಂ, ಪೊಟ್ಯಾಸಿಯಂಗಳನ್ನು ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ, ಗಾಳಿ ತಾಗಬಾರದೆಂದು. ಆದರೆ ಒಂಬತ್ತು ವರ್ಷದಿಂದ ಈ ಕಾಲೇಜಿನ ಕಪಾಟಿನಲ್ಲಿ ಪೊಟ್ಯಾಸಿಯಂ ಇಲ್ಲ.

"ನಿಮಗೆ ವಾಸನೆ ಬರ್ತಾ ಇದ್ಯಾ?" ಎಂದು ಕೇಳಿದಳು.

"ಇಲ್ಲ ಮೇಡಂ," ಎಂದವು ಐವತ್ತೆಂಟು ಬಾಯಿಗಳು, ಒಟ್ಟಿಗೆ. ಅಷ್ಟು ಒಟ್ಟಿಗೆ ಅವರು ವರ್ಷದಲ್ಲಿ ಯಾವತ್ತೂ ಉತ್ತರ ಹೇಳಿರಲಿಲ್ಲ.

ಅವಳ ಬೆನ್ನ ಹಿಂದೆ, ಬೋರ್ಡಿನ ಎಡಕ್ಕೆ, ತಯಾರಿ ಕೋಣೆಯ ಬಾಗಿಲು. ಕ್ಲಾಸಿನಲ್ಲಿ ತೋರಿಸಬೇಕಾದ ಪ್ರಯೋಗಗಳಿಗೆ ಸಾಮಾನು ಜೋಡಿಸುವ ಇಕ್ಕಟ್ಟಿನ ಕೋಣೆ ಅದು. ಪಾಠ ನಡೆಯುವಾಗ ಅವನು ಆ ಬಾಗಿಲ ಹಿಂದೆ, ತಾನು ಕಾಣದ ಹಾಗೆ, ಆದರೆ ಕರೆದರೆ ಕೇಳುವ ಹಾಗೆ ನಿಂತಿರುತ್ತಿದ್ದ. ಪಾಠವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದನೇನೋ. ಎಂಟು ವರ್ಷ, ವರ್ಷಕ್ಕೆ ನಾಲ್ಕು ತರಗತಿ. ಲೆಕ್ಕ ಹಾಕಿದರೆ ಈ ಕಾಲೇಜಿನಲ್ಲಿ ಅವಳ ಪಾಠವನ್ನು ಅವನಷ್ಟು ಸಲ ಕೇಳಿದ ವಿದ್ಯಾರ್ಥಿ ಬೇರೆ ಇಲ್ಲ. ಬಾಗಿಲು ಬೆರಳಗಲ ತೆರೆದಿತ್ತು. ತಾನು ಬರುವಾಗ ಮುಚ್ಚಿರಲಿಲ್ಲವೇ? ಹೋಗಿ ಮುಚ್ಚಿದಳು. ಚಿಲಕ ಸರಿಯಾಗಿ ಕೂರಲಿಲ್ಲ. ತಿರುಗಿ ಬೋರ್ಡಿನ ಹತ್ತಿರ ಬರುವಷ್ಟರಲ್ಲಿ ಅದು ಮತ್ತೆ ಬೆರಳಗಲ ತೆರೆದುಕೊಂಡಿತು.

"ನಾಲ್ಕು ಕ್ವಾಂಟಂ ಸಂಖ್ಯೆಗಳು ಅಂದ್ರೆ ಎಲೆಕ್ಟ್ರಾನಿನ ವಿಳಾಸ," ಎಂದು ದನಿ ಏರಿಸಿದಳು. "ಮೊದಲನೇದು ಯಾವ ಬೀದಿ. ಎರಡನೇದು ಯಾವ ಥರದ ಮನೆ. ಮೂರನೇದು ಆ ಮನೇಲಿ ಯಾವ ರೂಮು. ನಾಲ್ಕನೇದು?"

"ಯಾವ ಮಗ್ಗುಲಿಗೆ ಮಲಗಿದೆ ಅಂತ ಮೇಡಂ!" ಎಂದು ತರಗತಿ ನಕ್ಕಿತು. ವರ್ಷ ವರ್ಷದ ಅದೇ ಹಾಸ್ಯ, ಹಿಂದಿನ ವರ್ಷದವರು ಮುಂದಿನ ವರ್ಷದವರಿಗೆ ಹೇಳಿಟ್ಟಿರುತ್ತಾರೆ. ಒಂದೇ ರೂಮಿನಲ್ಲಿ ಇಬ್ಬರೇ, ಅವರೂ ಒಬ್ಬರಿಗೊಬ್ಬರು ಬೆನ್ನು ಮಾಡಿ. ಬರೆದುಕೊಳ್ಳಿ ಎಂದಳು. ಬರೆದುಕೊಂಡರು. ಬರೆಯುವ ಕೈಗಳ ಮೇಲೆ ಅವಳ ಕಣ್ಣು ಬಿತ್ತು. ಮುಖ ಗೊತ್ತಿಲ್ಲದಿದ್ದರೇನು, ಕೈ ಗೊತ್ತಲ್ಲ. ಮೂರನೆಯ ಬೆಂಚಿನಲ್ಲಿ ಒಬ್ಬಳು ಕಿರುಬೆರಳನ್ನು ಎತ್ತಿ ಹಿಡಿದು ಬರೆಯುತ್ತಿದ್ದಳು. ಇವಳೇ. ಗಲ್ಲದ ಮೇಲೊಂದು ಮೊಡವೆ, ಕಿವಿಯಲ್ಲಿ ಬೇವಿನಕಡ್ಡಿಯಂಥ ಏನೋ, ಸಾಧಾರಣ ಹುಡುಗಿ. ಅಷ್ಟರಲ್ಲಿ ಅವಳ ಹಿಂದಿನ ಬೆಂಚಿನವಳ ಕಿರುಬೆರಳೂ ಎದ್ದಿರುವುದು ಕಂಡಿತು. ಅವಳ ಪಕ್ಕದವಳದೂ. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬೆಂಚಿನಿಂದ ಬೆಂಚಿಗೆ, ಮೇಲಿನ ಸಾಲಿನವರೆಗೆ, ಐವತ್ತೆಂಟು ಕಿರುಬೆರಳುಗಳು ಕಾಗದದಿಂದ ಒಂದೇ ಎತ್ತರಕ್ಕೆ ಎದ್ದು ನಿಂತು ಪೆನ್ನಿನ ಜೊತೆ ಮೆಲ್ಲಗೆ ಸರಿಯುತ್ತಿದ್ದವು. ಆಮೇಲೆ ಯಾರೋ ಪುಟ ತಿರುಗಿಸಿದಳು, ಯಾರೋ ಕೆಮ್ಮಿದಳು, ಕೈಗಳು ಕೈಗಳಾದವು. ಎಲ್ಲರೂ ಹಾಗೇ ಬರೆಯುತ್ತಾರೇನೋ, ಇಷ್ಟು ವರ್ಷ ತಾನು ಗಮನಿಸಿರಲಿಲ್ಲವೇನೋ ಎಂದುಕೊಂಡು ಅವಳು ನೀರಿನ ಬಾಟಲಿ ಬಿಚ್ಚಿ ಎರಡು ಗುಟುಕು ಕುಡಿದಳು.

ಕೋಷ್ಟಕಕ್ಕೆ ಬಂದಳು. ಗೋಡೆಯ ಮೇಲೆ ದೊಡ್ಡ ಚಾರ್ಟು, ಅದರ ಪಕ್ಕದಲ್ಲೇ ಚೌಕಟ್ಟು ಹಾಕಿಸಿದ ಸೂಚನಾಫಲಕ: ಪ್ರಯೋಗಾಲಯದ ಸುರಕ್ಷತೆ, ಹನ್ನೆರಡು ನಿಯಮಗಳು. ಏಳನೆಯದು, ಹಳದಿ ತಿರುಗಿದ ಪೊಟ್ಯಾಸಿಯಂ ಅನ್ನು ಮುಟ್ಟಬೇಡಿ, ಚಾಕು ತಾಗಿಸಬೇಡಿ. ಕೆಳಗೆ ಅವಳ ಹೆಸರು, ಡಿಗ್ರಿ. ಅವಘಡವಾದ ಮೂರು ತಿಂಗಳಿಗೆ ತಾನೇ ಕೂತು ಬರೆದದ್ದು. ಪ್ರಿನ್ಸಿಪಾಲರು ಸಭೆಯಲ್ಲಿ ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು. ಆ ಚಪ್ಪಾಳೆಯ ನಡುವೆ ಅವಳು ಕೈಮುಗಿದು ನಕ್ಕಿದ್ದಳು, ಥೂ. ಏಳನೆಯ ನಿಯಮ ಅವಳಿಗೆ ಯಾರು ಹೇಳಿಕೊಟ್ಟದ್ದು ಎಂದು ಯಾರೂ ಕೇಳಲಿಲ್ಲ. ಎಡದಿಂದ ಬಲಕ್ಕೆ ಹೋದ ಹಾಗೆ ಪರಮಾಣುವಿನ ಗಾತ್ರ ಏನಾಗುತ್ತೆ? ಕಡಿಮೆ ಆಗುತ್ತೆ ಮೇಡಂ. ಮೇಲಿನಿಂದ ಕೆಳಕ್ಕೆ? ಜಾಸ್ತಿ. ಯಾಕೆ? ಕೆಳಕ್ಕೆ ಹೋದ ಹಾಗೆ ಒಂದೊಂದು ಸುತ್ತು ಜಾಸ್ತಿ ಆಗುತ್ತೆ, ಹೊರಗಿನ ಎಲೆಕ್ಟ್ರಾನು ದೂರ ಹೋಗುತ್ತೆ, ನಡುವೆ ಇರೋವು ಅಡ್ಡ ನಿಲ್ಲುತ್ತವೆ. ಉತ್ತರಗಳು ಪಟಪಟನೆ ಬರುತ್ತಿದ್ದವು, ಅವಳದೇ ಮಾತುಗಳು ಅವಳದೇ ಏರಿಳಿತದಲ್ಲಿ. ಚೆನ್ನಾಗಿ ಕಲಿಸಿದ್ದೇನೆ ಎಂಬ ಒಂದು ಚೂರು ಹೆಮ್ಮೆ ಈ ಹೊತ್ತಿನಲ್ಲೂ ಹಣಕಿತು. ಹಾಗಾಗಿ ಒಂದನೇ ಗುಂಪಿನಲ್ಲಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ. ಯಾವುದು ತನ್ನ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತೆ?

ಒಂಬತ್ತು ವರ್ಷದ ಹಿಂದೆ, ಅವಘಡದ ದಿನವೂ ಇದೇ ಪ್ರಶ್ನೆ ಕೇಳಿದ್ದಳು, ಅವತ್ತೂ ಪುನರಾವರ್ತನೆ, ಇದೇ ಕೋಣೆ. ಬರೀ ಬಾಯಲ್ಲಿ ಹೇಳಿದರೆ ಏನು ಚೆಂದ, ಮೂರನ್ನೂ ನೀರಿಗೆ ಹಾಕಿ ತೋರಿಸೋಣ ಅನ್ನಿಸಿ, "ಗ್ರೂಪ್ ಒಂದರದು ತಗೊಂಡು ಬಾ," ಎಂದು ಬಾಗಿಲ ಕಡೆ ಕೂಗಿದ್ದಳು. ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದು, ಮಕ್ಕಳಿಗೆ ಕೇಳಿಸದ ಹಾಗೆ ಬಗ್ಗಿ, "ಮೇಡಂ, ಪೊಟ್ಯಾಸಿಯಂ ಹಳದಿ ತಿರುಗಿದೆ. ತುಂಬಾ ಹಳೇದು. ಇಂಥಾದ್ದಕ್ಕೆ ಚಾಕು ತಾಗಿಸಬಾರದು, ಹಾರಿಬಿಡುತ್ತೆ," ಎಂದ. ಅವಳು ಬಾಟಲಿ ನೋಡಿದಳು. ಎಣ್ಣೆ ಇಳಿದುಹೋಗಿತ್ತು, ತುಂಡಿನ ಮೇಲೆ ಹಳದಿ ಹೊಪ್ಪಳೆ. ಅವಳ ಪುಸ್ತಕದಲ್ಲಿ ಪೊಟ್ಯಾಸಿಯಂ ಬೆಳ್ಳಿಯ ಬಣ್ಣದ ಮೆದು ಲೋಹ, ಬೆಣ್ಣೆಯ ಹಾಗೆ ಕತ್ತರಿಸಬಹುದು. ಹಳದಿಯ ಬಗ್ಗೆ ಅವಳು ಓದಿರಲಿಲ್ಲ, ಓದಿದ್ದರೂ ನೆನಪಿರಲಿಲ್ಲ. ಮುಂದಿನ ಬೆಂಚಿನವರು ಕತ್ತು ಚಾಚಿ ನೋಡುತ್ತಿದ್ದರು. "ಮೇಲಿನ ಸಿಪ್ಪೆ ಅದು, ಕೆರೆದು ತೆಗಿ. ನನಗೇ ಪಾಠ ಹೇಳ್ಕೊಡ್ತೀಯಾ?" ಎಂದಳು, ಎಲ್ಲರಿಗೂ ಕೇಳುವ ಹಾಗೆ. ತರಗತಿ ಗೊಳ್ಳೆಂದು ನಕ್ಕಿತು. ಅವನೂ ನಕ್ಕ, ಪೆಚ್ಚುಪೆಚ್ಚಾಗಿ, ಅದೊಂದು ನೆನಪಿದೆ, ನಕ್ಕ ಸದ್ದು. ಬಾಗಿಲ ಹಿಂದೆ ಹೋದ. ಅವಳು ಬೋರ್ಡಿಗೆ ತಿರುಗಿ ಅಯಾನೀಕರಣ ಶಕ್ತಿಯ ಅಂಕಿಗಳನ್ನು ಬರೆಯತೊಡಗಿದಳು, ಲಿಥಿಯಂಗೆ ಐನೂರ ಇಪ್ಪತ್ತು, ಸೋಡಿಯಂಗೆ ನಾನೂರ ತೊಂಬತ್ತಾರು. ಮೂರನೆಯ ಅಂಕಿ ಬರೆಯುವ ಮೊದಲು ಒಳಗೆ ಯಾರೋ ದಪ್ಪ ಪುಸ್ತಕವನ್ನು ನೆಲಕ್ಕೆ ಬಡಿದಂತೆ ಸದ್ದಾಯಿತು. ಅಷ್ಟೇ. ಕಿರುಚಾಟ ಕೂಡ ಇರಲಿಲ್ಲ.

ವಿಚಾರಣೆಯ ದಿನ ಅವಳು ಹೇಳಿಕೆ ಬರೆಯಲು ಕೂತಾಗ ಆಗಿನ ವಿಭಾಗದ ಮುಖ್ಯಸ್ಥರು ಹಿಂದೆ ಬಂದು ನಿಂತಿದ್ದರು. ಒಳ್ಳೆಯ ಮನುಷ್ಯ, ಎಲ್ಲರಿಗೂ ಬೇಕಾದವರು. "ಅಟೆಂಡರ್ ಕತ್ತರಿಸಿದರು ಅಂತ ಬರೆದಿದ್ದೀಯಲ್ಲಮ್ಮ, ಅದಕ್ಕೆ ಮುಂಚೆ ತಾನಾಗಿಯೇ ಅಂತ ಒಂದು ಮಾತು ಸೇರಿಸಿಬಿಡು. ಅವನಿಗೇನೂ ನಷ್ಟ ಇಲ್ಲ, ನಿನಗೆ ಕ್ಷೇಮ," ಎಂದಿದ್ದರು. ಸೇರಿಸಿದಳು. ಒಂದೇ ಪದ. ಆ ಪದದ ಅಡಿಯಲ್ಲಿ ಅವನು ಒಂಬತ್ತು ವರ್ಷ ಗೊತ್ತಿಲ್ಲದೆ ಕೈಹಾಕಿದ ದಡ್ಡನಾಗಿ ಬದುಕಿದ, ಅವಳು ಪಕ್ಕದಲ್ಲಿ ಫಲಕ ತೂಗುಹಾಕಿಕೊಂಡು ತಿಳಿದವಳಾಗಿ ಬದುಕಿದಳು.

"ಪೊಟ್ಯಾಸಿಯಂ ಮೇಡಂ!" ಎಂಬ ಉತ್ತರ ಎಷ್ಟು ಹೊತ್ತಿನ ಹಿಂದೆ ಬಂದಿತ್ತೋ. ತರಗತಿ ಕಾಯುತ್ತಿತ್ತು. ಗಡಿಯಾರದಲ್ಲಿ ಬೆಲ್ಲಿಗೆ ಹತ್ತು ನಿಮಿಷ. ಅವಳು ಬೋರ್ಡಿಗೆ ತಿರುಗಿ ಐನೂರ ಇಪ್ಪತ್ತು ಬರೆದಳು, ನಾನೂರ ತೊಂಬತ್ತಾರು ಬರೆದಳು. ಕೈ ನಿಂತಿತು. ಎಡಕ್ಕೆ ತಯಾರಿ ಕೋಣೆಯ ಬಾಗಿಲು ಕಿರ್ರೆಂದಿತು. ತಿರುಗಲಿಲ್ಲ. ಈಗ ಹಿಂದಕ್ಕೆ ಕೈ ಚಾಚಿದರೆ ಯಾರೋ ಏನನ್ನೋ ಆ ಕೈಗೆ ಇಡುತ್ತಾರೆ ಎಂಬುದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು, ಬೆವರಿನ ಅಂಗೈಯನ್ನು ಸೀರೆಗೆ ಒತ್ತಿ ಹಿಡಿದಳು. ನಾನೂರ ಹತ್ತೊಂಬತ್ತು ಎಂದು ಬರೆದು ಮುಗಿಸಿ, ಬೋರ್ಡನ್ನೇ ನೋಡುತ್ತ ಹೇಳಿದಳು.

"ಪೊಟ್ಯಾಸಿಯಂ ಹಳೇದಾದ್ರೆ ಮೇಲೆ ಹಳದಿ ಪದರ ಕಟ್ಟುತ್ತೆ. ಅದಕ್ಕೆ ಚಾಕು ತಾಗಿದ್ರೆ ಸಿಡಿಯುತ್ತೆ. ಈ ಕಾಲೇಜಿನಲ್ಲೇ ಒಂದು ಸಲ ಹಾಗಾಗಿದೆ. ಅಟೆಂಡರ್ ಒಬ್ಬರಿಗೆ ಮೂರು ಬೆರಳು ಹೋಯ್ತು. ಪುನರಾವರ್ತನೆ ಕ್ಲಾಸಿಗೆ ಅಂತ ಕತ್ತರಿಸೋಕೆ ಹೋಗಿ."

"ಯಾರು ಹೇಳಿದ್ದು ಕತ್ತರಿಸೋಕೆ?"

ದನಿ ಸ್ಪಷ್ಟವಾಗಿತ್ತು. ಹುಡುಗಿಯದು, ಮೆಲುವಾದದ್ದು, ಎಡಗಡೆಯಿಂದ ಬಂದದ್ದು. ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು.

"ನಾನು," ಎಂದಳು.

ಹೇಳಿ ತಿರುಗಿದಳು. ಐವತ್ತೆಂಟು ಮುಖಗಳು ಅವಳನ್ನೇ ನೋಡುತ್ತಿದ್ದವು. "ಈಗ ಕೇಳಿದ್ದು ಯಾರು? ಎದ್ದು ನಿಲ್ಲಿ. ಬೈಯಲ್ಲ, ನಿಲ್ಲಿ."

ಯಾರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಲಾಸ್ ಲೀಡರ್ ಅರ್ಧ ಎದ್ದು, "ಯಾರೂ ಏನೂ ಕೇಳ್ಲಿಲ್ವಲ್ಲ ಮೇಡಂ," ಎಂದಳು, ನಿಜವಾಗಿಯೂ ಗಾಬರಿಯಿಂದ. "ನೀವೇ ನಾನು ಅಂದ್ರಿ."

ದನಿ ಬಂದ ಎಡಗಡೆಯಲ್ಲಿ ಬೆಂಚುಗಳೇ ಇರಲಿಲ್ಲ, ತಯಾರಿ ಕೋಣೆಯ ಬಾಗಿಲು ಮಾತ್ರ. ಆದರೆ ವಿಚಿತ್ರವೆಂದರೆ ಭಯದ ಅಡಿಯಲ್ಲಿ ಒಂದು ಹಗುರವೂ ಇತ್ತು. ಹೇಳಿಬಿಟ್ಟೆನಲ್ಲ. ಒಂಬತ್ತು ವರ್ಷದ್ದನ್ನು ಒಂದು ಉಸಿರಿನಲ್ಲಿ. ತಪ್ಪು ಒಪ್ಪಿಕೊಂಡ ದೊಡ್ಡವಳು ಎಂದು ಹುಡುಗಿಯರು ನೋಡುತ್ತಿದ್ದಾರೆ, ಕನ್ನಡಕದವಳ ಕಣ್ಣಲ್ಲಿ ನೀರೂ ಇದ್ದ ಹಾಗಿದೆ. ಆಜ್ಞೆ ಕೊಟ್ಟವಳು ನಾನು, ಹೌದು, ಕೊಡುವ ಜಾಗದಲ್ಲಿ ಇದ್ದೆ, ಕೊಟ್ಟೆ. ಹೇಳಿಕೊಳ್ಳಲು ಅಷ್ಟೇನೂ ಕಷ್ಟವಲ್ಲದ ಮಾತು. ಆಮೇಲೆ ಹೊಳೆಯಿತು, ಅವನು ಕಾಗದದಲ್ಲಿ ಬೇಡವೆಂದದ್ದು ಇದನ್ನೇ. ಅವನು ಕೇಳಿದ್ದು ಬೇರೆ. ಕೇಳಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಟ್ಟು ಕೈತೊಳೆದುಕೊಳ್ಳಲು ಹೊರಟಿದ್ದೇನೆ.

"ಇದು ಪರೀಕ್ಷೆಗೆ ಬರುತ್ತಾ ಮೇಡಂ?" ಎಂದಳು ಯಾರೋ, ಪೆನ್ನು ಎತ್ತಿ.

"ಅಲ್ಲಾ ಮೇಡಂ," ಎಂದಳು ಮಾತಿನಮಲ್ಲಿ, "ನೀವು ಹೇಳಿದ್ರಿ ಸರಿ, ಆ ಯಪ್ಪನಿಗೆ ಗೊತ್ತಿರ್ಲಿಲ್ವಾ? ದಿನಾ ಅದೇ ಬಾಟ್ಲಿ ಜೊತೆ ಇರೋರು."

"ಅಟೆಂಡರ್‌ಗೆ ಇದೆಲ್ಲ ಹೆಂಗೇ ಗೊತ್ತಿರುತ್ತೆ, ಕಸ ಗುಡ್ಸೋರಿಗೆ," ಎಂದು ಇನ್ನೊಬ್ಬಳು ಅವಳ ತಲೆಗೆ ಮೊಟಕಿದಳು.

ತರಗತಿ ನಕ್ಕಿತು. ಕೆಟ್ಟ ನಗುವಲ್ಲ, ಕೊನೆಯ ಕ್ಲಾಸಿನ, ಬಿಗಿ ಸಡಿಲಿದ ನಗು. ಅವಳು ಬೆಂಚಿನಿಂದ ಬೆಂಚಿಗೆ ನೋಡಿದಳು, ನಗದೆ ಇರುವ ಒಂದು ಮುಖ ಸಿಗುತ್ತದೆ, ಸಿಕ್ಕಿಯೇ ಸಿಗುತ್ತದೆ ಎಂದು. ಸಿಗಲಿಲ್ಲ. ಕ್ಲಾಸ್ ಲೀಡರ್ ನಗುತ್ತಿದ್ದಳು, ಕನ್ನಡಕದವಳು ನಗುತ್ತಿದ್ದಳು, ಮೊಡವೆಯ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಐವತ್ತೆಂಟೂ. ಅಂದರೆ ಅವನ ಮಗಳೂ ನಗುತ್ತಿದ್ದಾಳೆ. ಎಲ್ಲರ ಜೊತೆ ಕೂತು ಅಪ್ಪನ ಮೇಲೆ ಆಡಿದ ಮಾತಿಗೆ ನಗುತ್ತಿದ್ದಾಳೆ, ನಗದಿದ್ದರೆ ಸಿಕ್ಕಿಬೀಳುತ್ತೇನೆಂದು. ಈ ನಗು ಹಳೆಯದು. ಒಂಬತ್ತು ವರ್ಷದ ಹಿಂದೆ ಇದೇ ಗೋಡೆಗಳಿಗೆ ಬಡಿದದ್ದು, ಅದರಲ್ಲಿ ಅವನ ನಗುವೂ ಸೇರಿತ್ತು.

"ನಗಬೇಡಿ," ಎಂದಳು. ದನಿ ಈ ಸಲ ಅದರ ಪಾಡಿಗೆ ಅದು ಬರಲಿಲ್ಲ, ಎಳೆದು ತರಬೇಕಾಯಿತು. "ಅವರಿಗೆ ಗೊತ್ತಿತ್ತು. ಹಳದಿ ಆಗಿದೆ, ಚಾಕು ತಾಗಿಸಬಾರದು, ಹಾರುತ್ತೆ, ಇಷ್ಟೂ ಮಾತನ್ನ ಇಲ್ಲೇ, ಈ ಮೇಜಿನ ಹತ್ತಿರ ನಿಂತು ನನಗೆ ಹೇಳಿದ್ರು. ಗೊತ್ತಿಲ್ಲದೆ ಇದ್ದದ್ದು ನನಗೆ. ನನಗೆ ಗೊತ್ತಿರಲಿಲ್ಲ. ಎಲ್ಲರ ಮುಂದೆ ಗೊತ್ತಿಲ್ಲ ಅನ್ನೋಕೆ ಆಗದೆ ಅವರನ್ನೇ ಗದರಿಸಿ ಒಳಗೆ ಕಳಿಸಿದೆ. ತಾನಾಗಿಯೇ ಮಾಡಿದ್ರು ಅಂತ ಬರೆದೂ ಕೊಟ್ಟೆ. ಆ ಗೋಡೆ ಮೇಲಿರೋ ಏಳನೇ ನಿಯಮ ಅವರದು. ಕೆಳಗೆ ನನ್ನ ಹೆಸರಿದೆ, ಅಷ್ಟೇ."

ತಾನು 'ಅವರು' ಎಂದು ಹೇಳುತ್ತಿರುವುದು ಅವಳಿಗೆ ಹೇಳಿ ಮುಗಿದ ಮೇಲೆ ಗೊತ್ತಾಯಿತು. ಯಾರೂ ಬರೆದುಕೊಳ್ಳಲಿಲ್ಲ. ಈಗಲಾದರೂ ಒಂದು ಮುಖ ಬದಲಾಗಿದೆಯೇ ಎಂದು ನೋಡಬಹುದಿತ್ತು, ಆದರೆ ಅವಳು ನೋಡಲಿಲ್ಲ. ಹುಡುಕಬೇಡಿ ಎಂದಿದ್ದರು. ಕುರ್ಚಿಯಲ್ಲಿ ಕೂತು ಹಾಜರಿ ಪುಸ್ತಕದ ರಟ್ಟಿನ ಮೇಲೆ ಕಣ್ಣು ನೆಟ್ಟಳು. ಬೆಲ್ಲು ಹೊಡೆಯಿತು. ಬೆಂಚುಗಳು ಕಿರುಗುಟ್ಟಿದವು, ಚಪ್ಪಲಿಗಳು ಮೆಟ್ಟಿಲಿಳಿದವು, "ಬರ್ತೀವಿ ಮೇಡಂ," "ಥ್ಯಾಂಕ್ಸ್ ಮೇಡಂ," ಎಂದು ಕೆಲವರು ಮೆಲ್ಲಗೆ ಹೇಳಿ ಹೋದರು. ತಲೆಯೆತ್ತದೆ ಎಲ್ಲರಿಗೂ ಹೂಂ ಎಂದಳು. ಎಲ್ಲ ಖಾಲಿಯಾಯಿತು ಎಂದುಕೊಂಡಾಗ ಹಿಂದೆ ಬೋರ್ಡಿನ ಮೇಲೆ ಡಸ್ಟರ್ ಓಡಾಡುವ ಸದ್ದು ಕೇಳಿಸಿತು. ಯಾರೋ ಒರೆಸುತ್ತಿದ್ದರು, ಮೇಲಿನಿಂದ ಕೆಳಕ್ಕೆ, ಉದ್ದುದ್ದವಾಗಿ, ಅವಸರವಿಲ್ಲದೆ. ಸುಣ್ಣದ ಪುಡಿ ಅವಳ ಕೈಮೇಲೆ ಉದುರಿತು. ಕತ್ತು ತಿರುಗಿಸಿದರೆ ಸಾಕು. ತಿರುಗಿಸಲಿಲ್ಲ. ಡಸ್ಟರ್ ನಿಂತಿತು. ಸೀಮೆಸುಣ್ಣ ನಾಲ್ಕೈದು ಸಲ ಟಕಟಕ ಎಂದಿತು, ಕೊನೆಯಲ್ಲಿ ತುಸು ಒತ್ತಿ. ಹಗುರವಾದ ಹೆಜ್ಜೆಗಳು ಅವಳ ಕುರ್ಚಿಯ ಹಿಂದಿನಿಂದ ಹಾದು ಹೊರಗೆ ಹೋದವು.

ಎಣಿಸಿದ ಹಾಗೆ ಸ್ವಲ್ಪ ಹೊತ್ತು ಬಿಟ್ಟು ಎದ್ದು ಬಾಗಿಲಿಗೆ ಹೋದಳು. ಕಾರಿಡಾರಿನ ತುಂಬ ಬೆನ್ನುಗಳು, ಜಡೆಗಳು, ಚೀಲಗಳು, ಒಬ್ಬರ ಹೆಗಲ ಮೇಲೊಬ್ಬರ ಕೈ. ಯಾರ ಕೈಯಲ್ಲಿ ಸುಣ್ಣದ ಪುಡಿ ಇದೆಯೋ ಇಷ್ಟು ದೂರದಿಂದ ಕಾಣುತ್ತಿರಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಅವಳು ಒಳಗೆ ಬಂದಳು. ತಯಾರಿ ಕೋಣೆಯ ಬಾಗಿಲು ಚಿಲಕ ಕೂತು ಸರಿಯಾಗಿ ಮುಚ್ಚಿತ್ತು. ಬೋರ್ಡು ಪೂರ್ತಿ ಒರೆಸಿ ಕಪ್ಪಗೆ ಹೊಳೆಯುತ್ತಿತ್ತು, ಮೂಲೆಯ ಚೌಕವೊಂದನ್ನು ಬಿಟ್ಟು. ತಾರೀಖು ಹಾಗೇ ಇತ್ತು. ಪಾಠದ ಹೆಸರನ್ನು ಅಳಿಸಿ, ಬಲಗೈ ಸರಿಯಿದ್ದ ಕಾಲದಲ್ಲಿ ಅವರು ಮಗಳ ಕೈ ಹಿಡಿದು ತಿದ್ದಿಸಿರಬೇಕು, ಅದೇ ದುಂಡಗಿನ ಅಕ್ಷರದಲ್ಲಿ ಬೇರೆ ಎರಡು ಪದ ಬರೆದಿತ್ತು.

ಅಪ್ಪನಿಗೆ ಗೊತ್ತಿತ್ತು.